ನನ್ನ ಹೆಸರಿನ ಲಾಗಿನ್

ವೇಬ್ರಿಡ್ಜ್ ನಿಂತಿದೆ ಎಂದು ಫೋನ್ ಬಂದಾಗ ನಾನು ಅಕೌಂಟ್ಸ್ ವಿಭಾಗದ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆಯುತ್ತಿದ್ದೆ. ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಐಟಿ ವಿಭಾಗದಲ್ಲಿ ನಾನು ಸಹಾಯಕಿ. ಅದಿರು ತುಂಬಿ ಬರುವ ಲಾರಿಗಳನ್ನು ಗೇಟಿನ ಬಳಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. ತೂಕ ಕಂಪ್ಯೂಟರಿನಲ್ಲಿ ದಾಖಲಾಗಿ ಚೀಟಿ ಬಂದರೆ ಮಾತ್ರ ಲಾರಿ ಒಳಗೆ. ಅದು ನಿಂತರೆ ಲಾರಿಗಳ ಸಾಲು ಹೆದ್ದಾರಿ ಮುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಡ.

ಓಡಿಕೊಂಡೇ ಹೋದೆ. ವೇಬ್ರಿಡ್ಜ್ ಕೋಣೆಯ ಗೋಡೆಗೆ ಒಂದು ನೆಟ್‌ವರ್ಕ್ ಸ್ವಿಚ್ ಇದೆ. ಸ್ವಿಚ್ ಎಂದರೆ ದೀಪ ಹಚ್ಚುವ ಗುಂಡಿಯಲ್ಲ, ಹಲವು ಕಂಪ್ಯೂಟರುಗಳ ವೈರುಗಳು ಬಂದು ಸೇರುವ ಪೆಟ್ಟಿಗೆ. ಅದರ ಸಣ್ಣ ಹಸಿರು ದೀಪಗಳು ಮಾಮೂಲಿಯಾಗಿ ಒಂದೊಂದೂ ತನ್ನ ಪಾಡಿಗೆ ಮಿಣುಕುತ್ತಿರುತ್ತವೆ. ಅಂದು ಎಲ್ಲವೂ ಒಂದೇ ತಾಳಕ್ಕೆ, ಬಿಡುವಿಲ್ಲದೆ ಕುಣಿಯುತ್ತಿದ್ದವು. ಕಂಪ್ಯೂಟರಿನ ವೈರು ತೆಗೆದೆ, ಕುಣಿತ ನಿಲ್ಲಲಿಲ್ಲ. ಕ್ಯಾಮೆರಾದ ವೈರು ತೆಗೆದೆ, ಆಗಲೂ ನಿಲ್ಲಲಿಲ್ಲ. ಅಷ್ಟರಲ್ಲಿ ಸ್ಟೋರಿನಿಂದ, ಆಫೀಸಿನಿಂದ, ಲ್ಯಾಬಿನಿಂದ ಒಂದರ ಹಿಂದೊಂದು ಫೋನ್. ಇಡೀ ಕಾರ್ಖಾನೆಯ ನೆಟ್‌ವರ್ಕ್ ಮಲಗುತ್ತಿತ್ತು.

ನಮ್ಮ ನೆಟ್‌ವರ್ಕ್ ಎಂಜಿನಿಯರ್ ಅಂದು ಗಂಗಾವತಿಯಲ್ಲಿ ಸಂಬಂಧಿಕರ ಮದುವೆಯಲ್ಲಿದ್ದರು. ಸ್ವಿಚ್‌ಗಳ ಒಳಹೊಕ್ಕು ಆಜ್ಞೆ ಕೊಡಲು ಬೇಕಾದ ಲಾಗಿನ್ ಅವರೊಬ್ಬರ ಬಳಿ ಮಾತ್ರ ಇತ್ತು. ನೆಟ್‌ವರ್ಕಿಂಗ್ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರಿಗೆ ಮಾತ್ರ ಲಾಗಿನ್ ಎಂಬುದು ಕಂಪನಿಯ ನಿಯಮ. ನಾನು ಅವರ ಹಿಂದೆ ಏಣಿ, ಲ್ಯಾಪ್‌ಟಾಪು, ವೈರಿನ ಸುರುಳಿ ಹಿಡಿದು ಓಡಾಡುವವಳು. ಸ್ವಿಚ್‌ನ ಧೂಳು ಒರೆಸಬಹುದಿತ್ತು, ಅದನ್ನು ಮಾತಾಡಿಸುವಂತಿರಲಿಲ್ಲ.

ವೈರುಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ಹಿಂಬಾಲಿಸತೊಡಗಿದೆ. ಒಂದು ಕಡೆ ಬೆಳಕಿನಲ್ಲಿ ಸಂದೇಶ ಒಯ್ಯುವ ಹೊಸ ಹಳದಿ ಫೈಬರ್ ಕೇಬಲ್ ಕಂಡಿತು. ಹಿಂದಿನ ದಿನ ಅದು ಅಲ್ಲಿರಲಿಲ್ಲ. ವೇಬ್ರಿಡ್ಜ್‌ಗೆ ಇದ್ದದ್ದು ಒಂದೇ ಫೈಬರ್. ಅದನ್ನು ಜೆಸಿಬಿ ಎಷ್ಟೋ ಸಲ ಕಡಿದು ಹಾಕಿತ್ತು. ಅದಕ್ಕೆಂದೇ ಪಂಪ್‌ಹೌಸ್ ಸುತ್ತಿ ಬರುವ ಎರಡನೆಯ ದಾರಿಯನ್ನು ಹಾಕಿಸುತ್ತಿದ್ದರು. ಕೇಬಲ್ ಹಾಕುವವರು ಬೆಳಿಗ್ಗೆ ಬಂದು, ಕೆಲಸ ಮುಗಿಯಿತೆಂದು ಎರಡೂ ತುದಿ ಚುಚ್ಚಿ ಹೋಗಿಬಿಟ್ಟಿದ್ದರು.

ಆ ವಾರವಷ್ಟೇ ನಾನು ಇದನ್ನು ಓದಿದ್ದೆ. ಎಂಜಿನಿಯರ್ ಕೊಟ್ಟ ಒಂದು ಪಾಠವನ್ನು ಊಟದ ಬಿಡುವಿನಲ್ಲಿ ಯಾರಿಗೂ ಕಾಣದಂತೆ ಮೊಬೈಲಿನಲ್ಲಿ ಓದುತ್ತಿದ್ದೆ. ಎರಡು ಸ್ವಿಚ್‌ಗಳ ನಡುವೆ ಎರಡು ದಾರಿ ಸೇರಿ ಉಂಗುರವಾದರೆ, ಅಂದರೆ ಲೂಪ್ ಆದರೆ, ಎಲ್ಲರಿಗೂ ಎಂದು ಕಳಿಸಿದ ಒಂದು ಸಂದೇಶ ಆ ಉಂಗುರದಲ್ಲಿ ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಬೆಳೆಯುತ್ತದೆ, ಕೊನೆಗೆ ಬೇರೆ ಯಾವ ಮಾತಿಗೂ ಜಾಗವಿಲ್ಲದಂತಾಗುತ್ತದೆ. ಇದನ್ನು ತಡೆಯುವ ಏರ್ಪಾಡು ಸ್ವಿಚ್‌ಗಳಲ್ಲೇ ಇರುತ್ತದೆ. ನಮ್ಮ ಹಳೆಯ ಸ್ವಿಚ್‌ಗಳಲ್ಲಿ ಎಂದೋ ಯಾರೋ ಅದನ್ನು ನಿಲ್ಲಿಸಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು.

ಎಂಜಿನಿಯರಿಗೆ ಫೋನ್ ಮಾಡಿದೆ. ಆ ಕಡೆ ಬ್ಯಾಂಡಿನ ಸದ್ದು.

"ಸರ್, ಲೂಪ್ ಆಗೇತಿ ಅನಸ್ತೈತ್ರಿ. ಹೊಸಾ ಫೈಬರ್ ತೆಗೀಲೇನ್ರಿ?"

"ಅನಸ್ತೈತೋ, ಐತೋ?"

ಹೊರಗೆ ಲಾರಿಗಳ ಹಾರನ್ನು. ದೀಪಗಳನ್ನು ಇನ್ನೊಮ್ಮೆ ನೋಡಿದೆ.

"ಐತ್ರಿ."

"ಹಂಗಾರ ತೆಗೀರಿ."

ತೆಗೆದೆ. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ದೀಪಗಳು ತಾಳ ತಪ್ಪಿ, ಮತ್ತೆ ಒಂದೊಂದೂ ತನ್ನ ಪಾಡಿಗೆ ಮಿಣುಕತೊಡಗಿದವು. ವೇಬ್ರಿಡ್ಜ್ ನಡೆಸುವ ಹಿರಿಯರ ಪರದೆ ಜೀವ ತಳೆಯಿತು, ಪ್ರಿಂಟರ್ ಚೀಟಿ ಉಗುಳಿತು. ಅವರು ಏನೂ ಆಗಿಲ್ಲವೆಂಬಂತೆ ಮುಂದಿನ ಲಾರಿಯನ್ನು ಕರೆದರು. ನನಗೆ ಮಾತ್ರ ಅಲ್ಲೇ ಕುಣಿಯಬೇಕೆನಿಸಿತ್ತು. ಓದಿದ್ದೊಂದು ಕಣ್ಣೆದುರು ಹಾಗೆ ನಡೆದು, ನನ್ನ ಕೈಯಿಂದಲೇ ನಿಂತಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ರಜೆ ಮುಗಿಸಿ ಬಂದ ಎಂಜಿನಿಯರ್ ನನ್ನನ್ನು ಕೂರಿಸಿಕೊಂಡು ಎರಡು ವಿಷಯ ಹೇಳಿದರು. ಒಂದು, ಕೆಲವು ತಿಂಗಳಲ್ಲಿ ಅವರನ್ನು ಕಂಪನಿಯ ಬೇರೆ ಕಾರ್ಖಾನೆಗೆ ಕಳಿಸುತ್ತಾರೆ. ಎರಡು, ಅವರ ನಂತರ ಇಲ್ಲಿ ಪ್ರಮಾಣಪತ್ರವಿದ್ದವರು ಯಾರೂ ಇಲ್ಲದಿದ್ದರೆ ನೆಟ್‌ವರ್ಕ್ ಪೂರ್ತಿ ಹೊರಗಿನವರ ಕೈಗೆ ಹೋಗುತ್ತದೆ, ನಾನು ಪ್ರಿಂಟರುಗಳ ಜೊತೆ ಉಳಿಯುತ್ತೇನೆ. ಪರೀಕ್ಷೆ ಬರೆಯಿರಿ ಎಂದರು.

ಆಗುವುದಿಲ್ಲ ಎನ್ನಲು ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಓದಿದವಳು. ಡಿಪ್ಲೊಮಾದಲ್ಲಿ ಬಿದ್ದ ವಿಷಯಗಳನ್ನು ಮತ್ತೆ ಮತ್ತೆ ಕಟ್ಟಿ ಪಾಸಾದವಳು. ಮೀಟಿಂಗಿನಲ್ಲಿ ಇಂಗ್ಲಿಷ್ ಶುರುವಾದರೆ ಅರ್ಥವಾದಂತೆ ತಲೆಯಾಡಿಸುವವಳು. ಮದುವೆಯಾಗಿದೆ, ದಿನಾ ಇರಕಲ್ಲಗಡದಿಂದ ಬಸ್ಸಿನಲ್ಲಿ ಓಡಾಟ. ಎಲ್ಲವನ್ನೂ ಹೇಳಿದೆ. ಅವರು ವಾದಕ್ಕೆ ಬರಲಿಲ್ಲ. ಗುಜರಿಗೆ ಹಾಕಲಿದ್ದ ಎರಡು ಹಳೆಯ ಸ್ವಿಚ್‌ಗಳಿಗೆ ಗೇಟ್‌ಪಾಸ್ ಮಾಡಿಸಿ, ಮನೆಗೆ ಒಯ್ದು ಬಿಚ್ಚಿ, ಕೆಡಿಸಿ, ಮತ್ತೆ ಕಟ್ಟಿ ನೋಡಿ ಎಂದು ನನ್ನ ಮೇಜಿನ ಮೇಲಿಟ್ಟರು.

ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದೇ, ಜೋಳದ ಚೀಲಗಳನ್ನು ಒಟ್ಟಿದ ಕೋಣೆ. ಚೀಲಗಳ ಪಕ್ಕ ಒಂದು ಮೇಜು ಹಾಕಿ ಸ್ವಿಚ್‌ಗಳನ್ನು ಜೋಡಿಸಿದೆ. ಅವುಗಳ ಫ್ಯಾನಿನ ಸದ್ದಿಗೆ ಅತ್ತೆ ಮೊದಲೆರಡು ದಿನ ಗಿರಣಿ ತಂದಿದ್ದೇನೆಂದು ತಿಳಿದಿದ್ದರು.

ಇಂಗ್ಲಿಷಿನ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಸುಸ್ತಾಗುತ್ತಿತ್ತು. ಪದ ಗೊತ್ತು, ವಾಕ್ಯ ಗೊತ್ತಿಲ್ಲ. ನೆಟ್‌ವರ್ಕಿನಲ್ಲಿ ಕಂಪ್ಯೂಟರುಗಳಿಗೆ ಕೊಡುವ ವಿಳಾಸಗಳ ಗುಂಪನ್ನು ಸಣ್ಣ ಗುಂಪುಗಳಾಗಿ ಒಡೆಯುವ ಲೆಕ್ಕ ಬಂದಾಗಲಂತೂ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ಮುಂಜಾನೆ ಬೇಸತ್ತು, ಓದಿದ್ದನ್ನು ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಜೋಳದ ಚೀಲಗಳಿಗೇ ಹೇಳತೊಡಗಿದೆ. "ನೋಡು, ಇವ ಆ ಮನಿಯವ, ಇವನ ಮಾತು ಈ ಮನಿಗೆ ಹೋಗಬೇಕಂದ್ರ ನಡುವ ಒಬ್ಬ ದಾರಿ ಹೇಳಾವ ಬೇಕು." ಹೇಳುತ್ತ ಹೋದಂತೆ ಎಲ್ಲಿ ತೊದಲುತ್ತೇನೋ ಅಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು. ಅಲ್ಲಿಗೆ ಮರಳಿ ಓದುತ್ತಿದ್ದೆ. ಆಮೇಲೆ ನಾನು ಓದಿದ್ದೆಲ್ಲ ಹೀಗೇ, ಬಾಯಿಬಿಟ್ಟು.

ಆದರೆ ಅದೇ ಲೂಪಿನ ಪಾಠ ಒಂದು ಕಡೆ ತೊಡಕಾಗಿತ್ತು. ಲೂಪ್ ಆಗದಂತೆ ಸ್ವಿಚ್‌ಗಳು ತಾವೇ ಮಾತಾಡಿಕೊಂಡು ಎರಡು ದಾರಿಗಳಲ್ಲಿ ಒಂದನ್ನು ಮುಚ್ಚಿಡುತ್ತವೆ ಎಂದಿತ್ತು. ಅಷ್ಟು ಕಷ್ಟಪಟ್ಟು ಎರಡನೆಯ ದಾರಿ ಮಾಡಿ, ಅದನ್ನು ಮುಚ್ಚಿಡುವುದೇಕೆ? ನನ್ನ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಊಟಕ್ಕೆ ಕೂತಾಗ ಸುಮ್ಮನೆ ಅವರ ಮುಂದೆ ಗೊಣಗಿದೆ.

"ನಮ್ಮ ಲೈನ್‌ನ್ಯಾಗೂ ಹಂಗ ಐತಿ" ಎಂದರು ರೊಟ್ಟಿ ಮುರಿಯುತ್ತ. "ಊರಿಗೆ ಕರೆಂಟ್ ತರೋ ಫೀಡರ್ ಲೈನ್ ಎರಡು ಕಡಿಂದ ಬರ್ತಾವು. ಎರಡೂ ಕೂಡಸಂಗಿಲ್ಲ. ನಡುವಿನ ಕಂಬದ ಸ್ವಿಚ್ ತೆಗದ ಇಟ್ಟಿರ್ತೀವಿ. ಒಂದು ಕಡಿ ಲೈನ್ ಹರದ್ರ ಅದನ್ನ ಹಾಕ್ತೀವಿ. ಊರಿಗೆ ಕರೆಂಟ್ ಬರ್ತೈತಿ."

"ಹಾಕೋರು ಯಾರ್ರೀ?"

"ಮತ್ಯಾರು, ನಾನ. ಮಳ್ಯಾಗ ಗಾಡಿ ತಗೊಂಡು ಹೋಗಬೇಕು."

ತುತ್ತು ಕೈಯಲ್ಲೇ ಉಳಿಯಿತು. ಮುಚ್ಚಿಟ್ಟ ದಾರಿ ಎಂದರೆ ಬೇಡದ ದಾರಿಯಲ್ಲ, ಕಾಯುತ್ತಿರುವ ದಾರಿ. ನಮ್ಮ ಸ್ವಿಚ್‌ಗಳಲ್ಲಿ ಅದನ್ನು ತೆರೆಯಲು ಯಾರೂ ಗಾಡಿ ಹತ್ತಬೇಕಿಲ್ಲ, ಒಂದು ದಾರಿ ಸತ್ತಿತೆಂದು ತಿಳಿದ ಕೂಡಲೇ ಅವೇ ಇನ್ನೊಂದನ್ನು ತೆರೆಯುತ್ತವೆ ಎಂದು ಅವರಿಗೆ ವಿವರಿಸಿದೆ. "ಹಂಗಾದ್ರ ನನ್ನ ಕೆಲಸಕ್ಕಿಂತ ನಿಂದ ಛಲೋ ಐತಿ ಬಿಡು" ಎಂದರು ಅವರು. ಊಟ ಅರ್ಧಕ್ಕೆ ಬಿಟ್ಟು ಕೋಣೆಗೆ ಓಡಿದೆ. ಎರಡು ಸ್ವಿಚ್‌ಗಳ ನಡುವೆ ಎರಡು ವೈರು ಹಾಕಿ ಒಂದನ್ನು ಕಿತ್ತೆ. ಕಿತ್ತಳೆ ಬಣ್ಣದಲ್ಲಿ ಕಾಯುತ್ತಿದ್ದ ಇನ್ನೊಂದರ ದೀಪ ಹಸಿರಾಯಿತು. ಮತ್ತೆ ಹಾಕಿದೆ, ಮತ್ತೆ ಕಿತ್ತೆ. ಅಂದು ಎಷ್ಟು ಸಲ ಹಾಗೆ ಮಾಡಿದೆನೋ, ದೇವರೇ ಬಲ್ಲ.

ಓದು ಆಟವಾದದ್ದು ಅಲ್ಲಿಂದ. ಬಸ್ಸಿನಲ್ಲಿ ಕೂತಾಗ ತಲೆಯಲ್ಲಿ ವಿಳಾಸಗಳನ್ನು ಒಡೆಯುತ್ತಿದ್ದೆ. ಕಾರ್ಖಾನೆಯಲ್ಲಿ ಯಾವ ಕ್ಯಾಮೆರಾ ಕೆಟ್ಟರೂ, ಏಣಿ ಹತ್ತುವ ಮೊದಲೇ ಕಾರಣ ಊಹಿಸಿ, ಊಹೆ ಸರಿಯಾದರೆ ಒಳಗೊಳಗೇ ಬೀಗುತ್ತಿದ್ದೆ. ಆದರೂ ಪರೀಕ್ಷೆಯ ವಿಷಯ ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ರಜೆ ಕೇಳಬೇಕು, ಕಾರಣ ಹೇಳಬೇಕು, ಫೇಲಾದರೆ ಬಂದು ಅದನ್ನೂ ಹೇಳಬೇಕು. ಮನೆಯಿಂದಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಅವಕಾಶವೂ ಇತ್ತು. ಅದನ್ನೇ ಆರಿಸಿಕೊಂಡೆ, ವಾರದ ರಜೆಯ ದಿನಕ್ಕೆ.

ಅಂದು ಕೋಣೆಯ ನಾಲ್ಕೂ ಗೋಡೆಗಳ ಫೋಟೊ ತೆಗೆದು ಕಳಿಸಿದೆ. ಎಲ್ಲೋ ದೂರ ಕೂತು ನನ್ನನ್ನು ಕಾಯುವ ಮೇಲ್ವಿಚಾರಕರು ಪರದೆಯ ಮೇಲೆ ಅಕ್ಷರದಲ್ಲಿ ಮಾತಾಡುತ್ತಿದ್ದರು. ಚೀಲಗಳಲ್ಲಿ ಏನಿದೆ ಎಂದು ಕೇಳಿದರು. ಜೋಳ ಎಂದು ಬರೆದೆ. ಚೀಲಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದರು. ಲ್ಯಾಪ್‌ಟಾಪನ್ನು ಎತ್ತಿ ಹಿಡಿದು ಚೀಲಗಳ ಹಿಂಬದಿಯನ್ನೂ ತೋರಿಸಿದೆ. ಮೇಜಿನ ಮೇಲೆ ಪೆನ್ನೂ ಇರುವಂತಿಲ್ಲ. ಬಾಗಿಲ ಹೊರಗೆ ನನ್ನ ಗಂಡ ಕುರ್ಚಿ ಹಾಕಿಕೊಂಡು ಕಾವಲು.

ಮೊದಲ ಪ್ರಶ್ನೆ ತೆರೆದಾಗ ಅದು ನನಗೆ ಗೊತ್ತಿತ್ತು. ಎರಡನೆಯದೂ. ಅಷ್ಟರಲ್ಲಿ ಎಚ್ಚರಿಕೆ ಬಂತು: ಓದುವಾಗ ತುಟಿ ಅಲುಗಿಸುವಂತಿಲ್ಲ. ನನ್ನ ಓದೆಲ್ಲ ತುಟಿಯಲ್ಲೇ ಇತ್ತು. ತುಟಿ ಕಚ್ಚಿ ಹಿಡಿದು ಓದತೊಡಗಿದೆ. ನಿಧಾನವಾಯಿತು, ಆದರೆ ಸಾಗಿತು. ಅರ್ಧ ದಾಟಿರಬೇಕು, ಹಿಂದೆ ಬಾಗಿಲು ಕಿರ್ ಎಂದಿತು. ಒಂದು ಬಳೆಯ ಕೈ ನನ್ನ ಭುಜದ ಪಕ್ಕದಿಂದ ಮುಂದೆ ಬಂದು, ಸದ್ದಾಗದಂತೆ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯಿತು.

ಪರದೆ ಬಿಳಿಯಾಯಿತು. ಕೋಣೆಗೆ ಬೇರೆಯವರು ಬಂದ ಕಾರಣ ಪರೀಕ್ಷೆ ರದ್ದಾಗಿದೆ ಎಂಬ ಸಾಲು ಬಂತು.

ಎಲ್ಲೋ ಲೈನ್ ಬಿದ್ದಿದೆಯೆಂದು ಗಂಡನಿಗೆ ಕರೆ ಬಂದು ಅವರು ಹೊರಟಿದ್ದರು. ಹೊಲದಿಂದ ಬಂದ ಅತ್ತೆಗೆ, ಒಳಗೆ ಪರೀಕ್ಷೆ ಬರೆಯುತ್ತಿದ್ದಾಳೆ, ಮಾತಾಡಿಸಬೇಡ ಎಂದಷ್ಟೇ ಹೇಳಿ ಹೋಗಿದ್ದರು. ನಾನು ಕೋಣೆಯಿಂದ ಹೊರಬಂದಾಗ ನನ್ನ ಮುಖ ನೋಡಿ ಅತ್ತೆ ಗಾಬರಿಯಾದರು. ಏನಾಯಿತೆಂದು ಹೇಳಿದೆ.

"ಮಾತಾಡಸಬ್ಯಾಡ ಅಂದಿದ್ದ. ನಾ ಏನರ ಮಾತಾಡಿದ್ನೇನು?" ಎಂದರು ಅತ್ತೆ. ಆಮೇಲೆ, ಸಣ್ಣ ದನಿಯಲ್ಲಿ, "ಭಾಳೊತ್ತು ಆತು ಕುಂತು, ಬಾಯಾರಿರ್ತೈತಿ ಅಂದ್ಕೊಂಡೆ, ತಂಗಿ."

ಆ ಸಂಜೆ ನನ್ನನ್ನು ಹೆದರಿಸಿದ್ದು ರದ್ದಾದದ್ದಲ್ಲ, ಒಳಗೆ ಎಲ್ಲೋ ನನಗೆ ಹಾಯೆನಿಸಿದ್ದು. ಫೇಲಾಗಲಿಲ್ಲ, ಪಾಸೂ ಆಗಲಿಲ್ಲ, ಯಾರಿಗೂ ಗೊತ್ತಿಲ್ಲ. ಇನ್ನು ಈ ವಿಷಯವನ್ನು ಇಲ್ಲಿಗೇ ಬಿಟ್ಟರೆ ಕಾರಣವೂ ಸಿದ್ಧವಾಗಿದೆ. ಅಷ್ಟು ಸುಲಭವಾಗಿ ಬಿಡಲು ತಯಾರಾಗಿದ್ದೆನೇ ಎಂದು ನನಗೇ ಆಶ್ಚರ್ಯವಾಯಿತು. ಅದರ ಜೊತೆಗೇ ಇನ್ನೊಂದೂ ನೆನಪಾಯಿತು. ಬರೆದ ಅರ್ಧದಲ್ಲಿ ನನಗೆ ಬಾರದ ಪ್ರಶ್ನೆಗಳು ಬೆರಳೆಣಿಕೆಯಷ್ಟೇ. ಇಂಗ್ಲಿಷ್ ಬಾರದವಳು, ಬಿದ್ದು ಎದ್ದು ಪಾಸಾದವಳು, ಇದು ನನಗಲ್ಲ ಎಂದುಕೊಂಡಿದ್ದವಳು ಅಲ್ಲಿ ಕೂತು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಅವಳನ್ನು ನಾನು ನೋಡಿಬಿಟ್ಟಿದ್ದೆ. ಇನ್ನು ನೋಡಿಲ್ಲವೆನ್ನುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ನೇರ ಐಟಿ ಮ್ಯಾನೇಜರ್ ಕೋಣೆಗೆ ಹೋದೆ. ಹುಬ್ಬಳ್ಳಿಯ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತೇನೆ, ಈ ತಾರೀಖು, ಆ ದಿನ ರಜೆ ಬೇಕು ಎಂದೆ. ಅವರು ಉತ್ತರ ಭಾರತದ ಕಡೆಯವರು, ಕಡಿಮೆ ಮಾತಿನವರು. ಕ್ಯಾಲೆಂಡರ್ ನೋಡಿ, ವೇಬ್ರಿಡ್ಜ್‌ನ ಎರಡನೆಯ ದಾರಿಯ ಕೆಲಸವನ್ನು ಹೊರಗಿನವರಿಗೆ ಕೊಡುವ ಮಾತು ನಡೆದಿದೆ, ನಿಮ್ಮ ಪರೀಕ್ಷೆ ಮುಗಿಯುವವರೆಗೆ ಅದನ್ನು ತಡೆದಿಡುತ್ತೇನೆ ಎಂದರು. ಊಟದ ಹೊತ್ತಿಗೆ ಇಡೀ ಆಫೀಸಿಗೆ ಗೊತ್ತಾಗಿತ್ತು. ಯಾವುದಕ್ಕೆ ಹೆದರಿ ಮುಚ್ಚಿಟ್ಟಿದ್ದೆನೋ ಅದು ಆಗಿಹೋಗಿತ್ತು. ಅದರಿಂದ ಬಂದದ್ದು ಭಯವಲ್ಲ, ಒಂದು ಬಗೆಯ ಹುರುಪು. ಈಗ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡೇ ಓದಬಹುದಿತ್ತು.

ಹುಬ್ಬಳ್ಳಿಗೆ ಹೊರಟ ದಿನ ಅತ್ತೆ ಸೀರೆ ಉಟ್ಟು ತಯಾರಾಗಿ ನಿಂತಿದ್ದರು.

"ಈ ಸಲ ನಾನೂ ಬರ್ತೀನಿ. ಬಾಗಲದಾಗ ಕುಂದರ್ತೀನಿ. ಒಬ್ಬರನ್ನೂ ಒಳಗ ಬಿಡಂಗಿಲ್ಲ."

ಬೇಡವೆಂದರೆ ಕೇಳುವವರಲ್ಲ. ಕೊಪ್ಪಳದಲ್ಲಿ ರೈಲು ಹತ್ತಿದೆವು. ಗದಗ ಬರುವವರೆಗೂ ನಾನು ತುಟಿ ಮುಚ್ಚಿ ಓದುವ ಅಭ್ಯಾಸ ಮಾಡಿದೆ. ಅತ್ತೆ ಎದುರಿಗೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು, ಅಲುಗಿದರೆ ಬೆರಳು ತೋರಿಸುತ್ತಿದ್ದರು.

ಕೇಂದ್ರದಲ್ಲಿ ಗುರುತಿನ ಚೀಟಿ ನೋಡಿ, ಮೊಬೈಲು, ಕೈಗಡಿಯಾರ ಎಲ್ಲ ಲಾಕರಿನಲ್ಲಿ ಇಡಿಸಿ, ಒರೆಸಿ ಬರೆಯುವ ಒಂದು ಹಾಳೆ ಮತ್ತು ಪೆನ್ನು ಕೊಟ್ಟು ಒಳಗೆ ಕಳಿಸಿದರು. ಕುಳಿತ ಕೂಡಲೇ ವಿಳಾಸ ಒಡೆಯುವ ಕೋಷ್ಟಕವನ್ನು ಆ ಹಾಳೆಯ ಮೇಲೆ ಬರೆದುಕೊಂಡೆ. ಕೈ ತಾನೇ ಬರೆಯಿತು. ಈ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದರೆ ಹಿಂದಕ್ಕೆ ಬರುವಂತಿಲ್ಲ. ಹಾಗಾಗಿ ಪ್ರತಿ ಪ್ರಶ್ನೆಗೂ ವಿದಾಯ ಹೇಳಿಯೇ ಹೋಗಬೇಕು.

ನಡುವೆ ಒಂದು ಪ್ರಾಯೋಗಿಕ ಪ್ರಶ್ನೆ ಬಂತು. ಪರದೆಯ ಮೇಲೆ ಎರಡು ಸ್ವಿಚ್, ಮೂರು ವಿಭಾಗಗಳ ಕಂಪ್ಯೂಟರು. ಎರಡು ವಿಭಾಗ ಮಾತಾಡುತ್ತಿವೆ, ಮೂರನೆಯದರ ಮಾತು ದಾಟುತ್ತಿಲ್ಲ. ಸರಿಪಡಿಸಬೇಕು. ಎಲ್ಲವೂ ಸರಿಯಾಗಿಯೇ ಕಂಡಿತು. ಗಡಿಯಾರ ಇಳಿಯುತ್ತಿತ್ತು. ಬಿಟ್ಟು ಮುಂದೆ ಹೋಗೋಣವೇ ಎಂದು ಕೈ ಮೌಸಿನ ಮೇಲೆ ಬಂತು. ಆಗ ಜೋಳದ ಚೀಲಗಳಿಗೆ ಹೇಳುತ್ತಿದ್ದಂತೆ ಮನಸ್ಸಿನಲ್ಲೇ ಶುರು ಮಾಡಿದೆ: ಇವ ಇಲ್ಲಿಂದ ಹೊಂಟ, ಈ ಬಾಗಲಕ್ಕ ಬಂದ, ಇಲ್ಲಿ ಯಾರು ಯಾರನ್ನ ಬಿಡ್ತಾರ? ಆ ಬಾಗಿಲನ್ನು ನಾನು ಒಂದೇ ಕಡೆಯಿಂದ ನೋಡಿದ್ದೆ. ಇನ್ನೊಂದು ಸ್ವಿಚ್‌ಗೆ ಹೋಗಿ, ಯಾರ ಮಾತನ್ನು ದಾಟಲು ಬಿಡಬೇಕೆಂಬ ಪಟ್ಟಿ ತೆರೆದೆ. ಆ ಕಡೆ ಮೂರನೆಯ ವಿಭಾಗಕ್ಕೆ ಅನುಮತಿಯೇ ಇರಲಿಲ್ಲ. ಒಂದು ಸಾಲು ಸೇರಿಸಿದೆ. ಮಾತು ದಾಟಿತು. ಕುರ್ಚಿಯಲ್ಲೇ ಒಮ್ಮೆ ಪುಟಿದೆನೆಂದು ತೋರುತ್ತದೆ, ಪಕ್ಕದವರು ತಿರುಗಿ ನೋಡಿದರು.

ಹೊರಗೆ ಕಾದು ಕೂತ ಅತ್ತೆ ಸ್ವಾಗತಕಾರಿಣಿಗೆ ಸಾಕಷ್ಟು ಕೆಲಸ ಕೊಟ್ಟಿದ್ದರು. ಬೇರೆ ಪರೀಕ್ಷೆಗೆ ಬಂದ ಒಬ್ಬರನ್ನು ತಡೆದು, ಒಳಗೆ ನಮ್ಮ ಸೊಸೆ ಬರೆಯುತ್ತಿದ್ದಾಳೆ, ನೀವು ಹೋದರೆ ಬಂದ್ ಆಗುತ್ತದೆ ಎಂದು ವಾದಿಸಿದ್ದರಂತೆ. ನಾನು ಬಂದಾಗ ಸ್ವಾಗತಕಾರಿಣಿ ನಗುತ್ತಲೇ ಮುದ್ರಿಸಿದ ಫಲಿತಾಂಶದ ಹಾಳೆಯನ್ನು ನನ್ನ ಕೈಗಿಟ್ಟರು. ಮೇಲಿನ ಸಾಲಿನಲ್ಲೇ ಇತ್ತು, ಉತ್ತೀರ್ಣ ಎಂಬ ಅರ್ಥದ ಆ ಇಂಗ್ಲಿಷ್ ಪದ. ಓದಲು ಎಷ್ಟೊಂದು ಸುಲಭದ ಪದ.

"ಆತೇನು?" ಎಂದರು ಅತ್ತೆ.

"ಆತ್ರಿ ಅತ್ತಿ."

ಅವರು ಹಾಳೆಯನ್ನು ತೆಗೆದುಕೊಂಡು, ನಾಲ್ಕಾಗಿ ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡರು. ಕೊಪ್ಪಳ ಮುಟ್ಟುವವರೆಗೆ ಕೊಡಲಿಲ್ಲ.

ಎಂಜಿನಿಯರ್ ಹೊರಡುವ ಮೊದಲು ಸರ್ವರ್ ಕೋಣೆಗೆ ಕರೆದು, ಮುಖ್ಯ ಸ್ವಿಚ್‌ನಲ್ಲಿ ನನ್ನ ಹೆಸರು ಬರೆದರು. ಪಾಸ್‌ವರ್ಡ್ ನೀವೇ ಹಾಕಿ ಎಂದು ಕುರ್ಚಿ ಬಿಟ್ಟುಕೊಟ್ಟು, ನಾನು ಹಾಕಿ ಮುಗಿಸುವವರೆಗೆ ಗೋಡೆಯ ಕಡೆ ಮುಖ ಮಾಡಿ ನಿಂತರು. ಲಾಗಿನ್ ಮುಚ್ಚಿ ಹೊರಬಂದು ಮತ್ತೆ ಒಳಹೊಕ್ಕೆ. ನನ್ನ ಹೆಸರನ್ನು ಕೇಳಿ, ನನ್ನ ಗುಟ್ಟನ್ನು ಕೇಳಿ, ಸ್ವಿಚ್ ನನ್ನನ್ನು ಒಳಗೆ ಬಿಟ್ಟಿತು.

ಎರಡನೆಯ ದಾರಿಯ ಕೆಲಸ ನನಗೇ ಬಂತು. ಅವಸರ ಮಾಡಲಿಲ್ಲ. ಮೊದಲು ಗುಜರಿಯ ಆ ಎರಡು ಸ್ವಿಚ್‌ಗಳಲ್ಲೇ ಎಲ್ಲ ಆಜ್ಞೆಗಳನ್ನು ಕೊಟ್ಟು ನೋಡಿದೆ. ಒಂದು ಕಡೆ ತಪ್ಪಿತು, ತಿದ್ದಿದೆ. ಯಾವ ಹಂತದಲ್ಲಿ ಕೆಟ್ಟರೆ ಹೇಗೆ ಹಿಂದಕ್ಕೆ ಬರಬೇಕೆಂದು ಯೋಚಿಸಿಟ್ಟುಕೊಂಡೆ. ಹಳೆಯ ಸ್ವಿಚ್‌ಗಳಲ್ಲಿ ನಿಂತುಹೋಗಿದ್ದ, ಲೂಪ್ ತಡೆಯುವ ರಕ್ಷಣೆಯನ್ನು ಒಂದೊಂದಾಗಿ ಚಾಲೂ ಮಾಡಿದೆ. ಆಮೇಲೆ ಹಳದಿ ಫೈಬರನ್ನು ಚುಚ್ಚಿದೆ. ದೀಪಗಳು ತಮ್ಮ ಪಾಡಿಗಿದ್ದವು.

ಉಳಿದದ್ದು ನಿಜವಾದ ಪರೀಕ್ಷೆ. ಲಾರಿಗಳು ತೂಗುತ್ತಿರುವಾಗಲೇ ಹಳೆಯ ಫೈಬರನ್ನು ಕಿತ್ತು ನೋಡಬೇಕು. ವೇಬ್ರಿಡ್ಜ್‌ನ ಹಿರಿಯರಿಗೆ ಮೊದಲೇ ತಿಳಿಸಿದ್ದೆ. ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಹೊರಗೆ ಸಾಲು ದೊಡ್ಡದಿದೆ, ನಿಂತರೆ ಡ್ರೈವರುಗಳು ತಮ್ಮನ್ನೇ ಹಿಡಿದುಕೊಳ್ಳುತ್ತಾರೆ ಎಂದರು. ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಹಿರಿಯರ ಕುರ್ಚಿಯ ಹಿಂದೆ, ಸ್ವಿಚ್‌ನ ಮುಂದೆ ನಿಂತೆ. ಒಂದು ಲಾರಿ ವೇಬ್ರಿಡ್ಜ್ ಏರಿತು. ತೂಕದ ಅಂಕಿ ಓಲಾಡಿ ನಿಂತಿತು. ಅವರು ಕೀಲಿಮಣೆಯ ಮೇಲೆ ಬೆರಳಿಟ್ಟರು. ನಾನು ಹಳೆಯ ಫೈಬರನ್ನು ಎಳೆದೆ. ಅದರ ದೀಪ ಆರಿತು. ಪಕ್ಕದಲ್ಲಿ ಕಾಯುತ್ತಿದ್ದ ಹೊಸ ಫೈಬರಿನ ಕಿತ್ತಳೆ ದೀಪ ಒಮ್ಮೆ ಕಣ್ಣು ಪಿಳುಕಿಸಿ ಹಸಿರಾಯಿತು. ಪ್ರಿಂಟರ್ ಚೀಟಿ ಉಗುಳಿತು. ಅವರು ಅದನ್ನು ಹರಿದು ಕಿಟಕಿಯಿಂದ ಡ್ರೈವರಿಗೆ ಕೊಟ್ಟು, ಮುಂದಿನ ಲಾರಿಗೆ ಕೈ ಮಾಡಿದರು. ಅದರ ಚೀಟಿಯೂ ಬಂತು. ಮೂರನೆಯದು ಏರುತ್ತಿರುವಾಗ, ತಿರುಗದೆಯೇ ಕೇಳಿದರು:

"ಮೇಡಂ, ಯಾವಾಗ ತೆಗೀತೀರಿ? ಹೇಳಿ ತೆಗೀರಿ ಮತ್ತ. ಲಾರಿ ನಿಂದರಸ್ತೀನಿ."

"ನಿಂದರಸಬ್ಯಾಡ್ರಿ" ಎಂದೆ. ಕಿತ್ತ ಫೈಬರಿನ ತುದಿ ನನ್ನ ಕೈಯಲ್ಲೇ ಇತ್ತು. "ತೆಗದ ಆತ್ರಿ."